ಕತ್ತರಿಸದೆ ಇಟ್ಟ ಹಿಟ್ಟು

"ಅಮ್ಮಾ, ಫ್ಯೋ ಮಾಮನ ಕಿವಿ ಯಾಕೆ ಕಡುಬಿನ ಥರ ಇದೆ? ಆಸ್ಪತ್ರೆಯೋರು ತಪ್ಪಾಗಿ ಹೊಲಿದುಬಿಟ್ರಾ?"

ಆರು ವರ್ಷದ ದಾಮಿ ಬಸ್ಸಿನಲ್ಲಿ ಇದನ್ನು ಎಷ್ಟು ಜೋರಾಗಿ ಕೇಳಿದಳೆಂದರೆ ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದರು. ಮಗಳ ಮಡಿಲಿನಿಂದ ಜಾರುತ್ತಿದ್ದ ಗಂಜಿಯ ಡಬ್ಬಿಯನ್ನು ಹೇರಾನ್ ನೆಟ್ಟಗೆ ಮಾಡಿದಳು.

"ಹೊಲಿದಿದ್ದು ಕೆನ್ನೆ ಕಣೇ. ಕಿವಿ ಹಳೇದು. ನಾನು ನಿನಗಿಂತ ಚಿಕ್ಕೋಳಿದ್ದಾಗಿನದು."

"ಯಾರು ಮಾಡಿದ್ದು?"

ಹೇರಾನ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಯಾರು ಮಾಡಿದ್ದು ಎಂಬುದು ಅವಳಿಗೆ ಗೊತ್ತಿತ್ತು. ಆರು ವರ್ಷದ ಕಿವಿಗೆ ಅದರಲ್ಲಿ ಎಷ್ಟನ್ನು ಹಾಕಬಹುದು ಎಂಬುದು ಮಾತ್ರ ತಿಳಿಯಲಿಲ್ಲ.

ಫ್ಯೋ ಮನ್‌ಹೋ ಹುಟ್ಟಿದ್ದು ದಕ್ಷಿಣದ ಕಡಲಂಚಿನಲ್ಲಿ, ಸಣ್ಣ ಮೀನು ಬೇಯಿಸಿ ಒಣಗಿಸುವ ಮನೆಯಲ್ಲಿ. ಒದ್ದೆ ಬಲೆಯನ್ನು ಒಬ್ಬನೇ ದಡಕ್ಕೆ ಎಳೆಯುತ್ತಿದ್ದ ಹುಡುಗನನ್ನು ಕಂಡ ಜೂಡೊ ಮಾಸ್ತರರೊಬ್ಬರು ಅವನನ್ನು ಹದಿನಾರನೇ ವಯಸ್ಸಿಗೆ ಇಂಚಿಯೊನ್ ನಗರಕ್ಕೆ ಕರೆತಂದರು. ದಿನಕ್ಕೆ ಆರು ಗಂಟೆ ಚಾಪೆಗೆ ಉಜ್ಜಿ ಉಜ್ಜಿ ಎಡಗಿವಿ ಬಾತುಕೊಂಡಿತು. ಒಳಗೆ ಕಟ್ಟಿದ ರಕ್ತವನ್ನು ತೆಗೆಸದೆ ಬಿಟ್ಟಿದ್ದರಿಂದ ಅದು ಹಾಗೇ ಗಟ್ಟಿಯಾಯಿತು. ಅಂಥ ಕಿವಿಯವನು ಬಸ್ಸು ಹತ್ತಿದರೆ ಜನ ಸರಿದು ಜಾಗ ಬಿಡುತ್ತಾರೆ. ಗೌರವಕ್ಕಲ್ಲ, ಭಯಕ್ಕೆ.

ಅವನಿಗೆ ಇಪ್ಪತ್ತಾದ ವಸಂತದಲ್ಲಿ ಮಾಸ್ತರರು ಹದಿನಾಲ್ಕು ಹುಡುಗರನ್ನು ಒಂದು ಬಸ್ಸಿಗೆ ಹತ್ತಿಸಿದರು. "ಇವತ್ತು ಅಭ್ಯಾಸ ಹೊರಗಡೆ," ಎಂದರು. ಒಬ್ಬೊಬ್ಬರಿಗೂ ಊಟದ ಡಬ್ಬಿ, ಬಿಳಿ ಹೆಲ್ಮೆಟ್ಟು, ಗುದ್ದಲಿಯ ಕಾವು. ಬಸ್ಸು ನಿಂತಿದ್ದು ತೆರವು ಮಾಡಬೇಕಿದ್ದ ಗುಡ್ಡದ ಕೇರಿಯಲ್ಲಿ. ಮೊದಲು, ವರ್ಷದ ಅಡುಗೆಗೆಂದು ಹುಳಿಯಿಸಿಟ್ಟ ಸೋಯಾ ಸಾರಿನ ಜಾಡಿಗಳನ್ನು ಒಡೆಯಿರಿ ಎಂದು ಅಪ್ಪಣೆಯಾಯಿತು. ಜಾಡಿ ಹೋದ ಮನೆಯ ಹೆಂಗಸು ಅಲ್ಲಿ ಇನ್ನೊಂದು ಚಳಿಗಾಲ ಕಳೆಯುವ ಆಸೆ ಬಿಡುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಮನ್‌ಹೋ ಒಡೆದ. ಕಪ್ಪು ಸಾರು ಮೆಟ್ಟಿಲುಗಳ ಮೇಲೆ ಹರಿಯಿತು. ಒಬ್ಬ ಮುದುಕಿ ಜಾಡಿಯನ್ನು ತಬ್ಬಿಕೊಂಡು ಕೂತಿದ್ದಳು. ಅವಳನ್ನು ಎಳೆದ, ಜಾಡಿಯೂ ಮುದುಕಿಯೂ ಒಟ್ಟಿಗೇ ಉರುಳಿದರು. ಅವಳ ಮಣಿಕಟ್ಟಿನ ಮೂಳೆ ಚರ್ಮ ಹರಿದು ಹೊರಬಂದು, ಸಾರಿನಲ್ಲಿ ಅದ್ದಿಹೋಯಿತು. ಅವನು ಅದನ್ನು ನೋಡುತ್ತ ನಿಂತಾಗಲೇ ಮೇಲಿನ ಚಾವಣಿಯಿಂದ ಉರಿಯುವ ಕಲ್ಲಿದ್ದಲ ಬಿಲ್ಲೆ ಬಿತ್ತು, ಅದರ ಹಿಂದೆಯೇ ಸಿಮೆಂಟಿನ ಇಟ್ಟಿಗೆ ಬಂತು. ಬಲಮಂಡಿ ಚೂರಾಯಿತು.

ಆಸ್ಪತ್ರೆಯಲ್ಲಿ ಅವನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಸ್ಸು ಕಳಿಸಿದ ಕಂಪನಿ, ಆ ಹೆಸರಿನವನು ನಮ್ಮ ಪಟ್ಟಿಯಲ್ಲಿಲ್ಲ ಎಂದಿತು. ಅವತ್ತು ಅಭ್ಯಾಸಕ್ಕೆ ಅವನು ಬಂದಿರಲಿಲ್ಲ ಎಂದರು ಮಾಸ್ತರರು. ಪಟ್ಟಿಯಲ್ಲಿ ಹೆಸರಿಲ್ಲದವನ ಮಂಡಿ ಯಾರ ಮಂಡಿಯೂ ಅಲ್ಲ. ಜೂಡೊ ಅಲ್ಲಿಗೆ ಮುಗಿಯಿತು.

ಕುಂಟುತ್ತ ಸಾಮ್‌ಗಾಂಗ್ ಎಲೆಕ್ಟ್ರಾನಿಕ್ ಮಾರುಕಟ್ಟೆಗೆ ಬಂದವನು ಮೊದಲು ಟೀವಿ ಹೊತ್ತ, ಆಮೇಲೆ ಕಂಪ್ಯೂಟರ್ ಹೊತ್ತ, ಹೊತ್ತಿದ್ದನ್ನು ಬಿಚ್ಚುತ್ತ ಕಟ್ಟುತ್ತ ಕೆಲಸ ಕಲಿತ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮೂರನೇ ಮಹಡಿಯಲ್ಲಿ ಅವನದೇ ರಿಪೇರಿ ಅಂಗಡಿಯಿತ್ತು. ಹೇರಾನ್ ಮತ್ತು ಅವಳ ಗಂಡ ಮೂಯೊಲ್ ಕೆಳಗಡೆ ಶಾವಿಗೆ ಅಂಗಡಿ ನಡೆಸುತ್ತಿದ್ದರು. ಮಧ್ಯಾಹ್ನದ ಬಟ್ಟಲು ಮೇಲೆ ಕೊಂಡೊಯ್ಯುವಾಗ ಅವಳು ಕಂಡದ್ದು ಇಷ್ಟು: ಸತ್ತ ಯಂತ್ರವನ್ನೂ ಆತ ಮಲಗಿದ ಮಗುವನ್ನು ತಿರುಗಿಸುವ ಹಾಗೆ ತಿರುಗಿಸುತ್ತಿದ್ದ.

ಕಟ್ಟಡ ಕೊಂಡ ಕಂಪನಿ ಅದನ್ನು ಕೆಡವುವ ತಯಾರಿಗೆ ಇಳಿದು, ಇದ್ದ ಕ್ಯಾಮೆರಾಗಳನ್ನೆಲ್ಲ ಕಿತ್ತುಹಾಕಿದಾಗ, ಬಾಡಿಗೆದಾರರ ಸಂಘ ತನ್ನದೇ ಏಳು ಕ್ಯಾಮೆರಾ ಹಾಕಿಸಿತು. ಒಂದು, ಎರಡು, ಮೂರು, ಎಫ್, ಐದು, ಆರು, ಏಳು. ಅವರ ಮಾತಿನಲ್ಲಿ ನಾಲ್ಕು ಎಂದರೆ ಸಾವು ಎಂದೂ ಕೇಳಿಸುವುದರಿಂದ, ಆ ಅಂಕಿ ಬರೆಯಲು ಯಾರ ಕೈಯೂ ಏಳಲಿಲ್ಲ. ಎಫ್ ಬಿದ್ದದ್ದು ಶಾವಿಗೆ ಅಂಗಡಿಯ ಮುಂದೆ. ಎಲ್ಲ ಚಿತ್ರಗಳೂ ಬಂದು ಸೇರುವ ಲಿನಕ್ಸ್ ಕಂಪ್ಯೂಟರ್ ಯಂತ್ರವನ್ನು ಕಟ್ಟಿದವನು ಫ್ಯೋ.

ಅದರ ಒಳಗನ್ನು ಅವನು ಭಾಗ ಮಾಡಿದ ರೀತಿಗೆ ಸಂಘದ ಕಾರ್ಯದರ್ಶಿ, ದೀಪದಂಗಡಿಯ ಗುಕ್, ಕೆಂಡವಾದರು.

"ಅರ್ಧಕ್ಕರ್ಧ ಡಿಸ್ಕು ಖಾಲಿ ಬಿಟ್ಟಿದ್ದೀಯಲ್ಲಯ್ಯಾ! ಬೀಳು ಬಿಡೋಕೆ ಇದೇನು ನಿಮ್ಮಪ್ಪನ ಗದ್ದೆನಾ? ಎಲ್ಲಾ ಕ್ಯಾಮೆರಾಗೇ ಕೊಟ್ಟುಬಿಡು!"

"ಕೊಟ್ಟಮೇಲೆ ವಾಪಸ್ ಕೇಳೋದು ಕಷ್ಟ, ಕಾರ್ಯದರ್ಶಿಗಳೇ. ಭಾಗ ಬೆಳೆಸೋದು ಒಂದು ಸಾಲು ಟೈಪ್ ಮಾಡೋ ಕೆಲಸ. ಕುಗ್ಗಿಸೋಕೆ ಹೋದ್ರೆ ಒಳಗಿರೋದು ಒಡೆದುಹೋಗಬಹುದು."

"ನಂಗೇನೂ ಅರ್ಥ ಆಗಲ್ಲ, ಬಿಡು."

ಬಟ್ಟಲು ಇಳಿಸುತ್ತಿದ್ದ ಹೇರಾನ್ ಕಡೆ ಫ್ಯೋ ತಿರುಗಿದ. "ದಾಮಿಯಮ್ಮಾ, ಬೆಳಿಗ್ಗೆ ನಾದಿದ ಹಿಟ್ಟನ್ನೆಲ್ಲ ಒಂದೇ ಸಲ ಕುಯ್ದುಬಿಡ್ತೀಯಾ?"

"ಹುಚ್ಚಾ ನಂಗೆ? ಬಂದೋರಿಗೆ ತಕ್ಕಷ್ಟು ಕುಯ್ಯೋದು. ಉಳಿದಿದ್ದು ಒದ್ದೆ ಬಟ್ಟೆ ಕೆಳಗೆ."

"ಕುಯ್ದ ಶಾವಿಗೆ ಮತ್ತೆ ಮುದ್ದೆ ಆಗುತ್ತಾ?"

"ಎಲ್ಲಾಗುತ್ತೆ? ಗೋಡೆಗೆ ಪೇಪರ್ ಅಂಟಿಸೋಕೆ ಆಗುತ್ತೆ ಅಷ್ಟೆ."

"ನೋಡಿ, ಇಷ್ಟೇ ಕಣ್ರೀ," ಎಂದ ಫ್ಯೋ.

ಎರಡು ಡಿಸ್ಕು, ಒಂದು ಹಳೆಯದು, ಒಂದು ಹೊಸದು. ಎರಡನ್ನೂ ಕೂಡಿಸಿ ಒಂದೇ ಮುದ್ದೆ ಮಾಡಿದ್ದ. ಅದರಿಂದ ಯಂತ್ರಕ್ಕೆ ಒಂದು ಭಾಗ, ಸಂಘದ ಕಾಗದಪತ್ರಕ್ಕೆ ಒಂದು, ಚಿತ್ರಗಳಿಗೆ ಒಂದು, ಈಗ ಎಷ್ಟು ಬೇಕೋ ಅಷ್ಟೇ ಕುಯ್ದಿದ್ದ. ಉಳಿದದ್ದು ಯಾರ ಹೆಸರಿಗೂ ಇಲ್ಲ. ಯಾರಿಗೆ ಸಾಲದಾಗುತ್ತದೋ ಅವರಿಗೆ. ಗುಕ್ ಹೋದ ಮೇಲೆ ಇನ್ನೊಂದು ಮಾತು ಸೇರಿಸಿದ: "ಒಂದು ಡಿಸ್ಕು ಸಾಯೋಕೆ ಶುರು ಮಾಡಿದ್ರೆ, ಅದರಲ್ಲಿರೋದನ್ನ ಇನ್ನೊಂದಕ್ಕೆ ಎಳ್ಕೋಬಹುದು. ಯಂತ್ರ ಓಡ್ತಿರೋವಾಗಲೇ. ಆದ್ರೆ ಹೋಗಿ ಕೂರೋಕೆ ಅಲ್ಲಿ ಜಾಗ ಇರಬೇಕಲ್ಲ."

ಹೊಸ ಯಂತ್ರಕ್ಕೆ ಪೂಜೆಯಾಗದೆ ಹೇಗೆ? ಗುಕ್ ಬೇಯಿಸಿದ ಹಂದಿಯ ತಲೆಯನ್ನೇ ತರಿಸಿದರು, ನಗುಮುಖದ್ದೇ ಬೇಕೆಂದು ಆರಿಸಿ. ಅದನ್ನು ಯಂತ್ರದ ಎದುರಿಟ್ಟು ಎಲ್ಲರೂ ಅಡ್ಡಬಿದ್ದರು. ಅಕ್ಕಿ ಮದ್ಯವನ್ನು ಫ್ಯೋನ ಅಂಗಡಿಯ ನಾಲ್ಕು ಮೂಲೆಗೂ ಚೆಲ್ಲಿದ ಗುಕ್, ಭಕ್ತಿ ಹೆಚ್ಚಾಗಿ ಕೊನೆಯ ಬಟ್ಟಲನ್ನು ಯಂತ್ರದ ನೆತ್ತಿಗೇ ಸುರಿದುಬಿಟ್ಟರು. ಫ್ಯೋ ಕಿರುಚಿದ್ದು ಎರಡನೇ ಮಹಡಿಗೂ ಕೇಳಿಸಿತು. ಹಳೆಯ ಡಿಸ್ಕು ಇದ್ದದ್ದು ಮೇಲ್ಗಡೆ.

ಅವತ್ತು ದಾಮಿಯ ಕೂದಲು ಒಣಗಿಸುವ ಯಂತ್ರ ಹಿಡಿದು ಹೇರಾನ್, ಹತ್ತಿ ಹಿಡಿದು ಫ್ಯೋ, ಸಂಜೆಯವರೆಗೂ ಒರೆಸಿದರು. ಹುಳಿ ವಾಸನೆಯ ನಡುವೆ ಅವನು ಜಾಡಿಗಳ ಕಥೆ, ಮುದುಕಿಯ ಕಥೆ ಹೇಳಿದ್ದು ಆಗಲೇ. ಡಿಸ್ಕು ಮತ್ತೆ ನರಳದೆ ಓಡಿತು. ಹೊಸದೊಂದು ಕೊಡಿಸಿ ಎಂದು ಕೇಳಿದ್ದಕ್ಕೆ ಗುಕ್, "ಅರ್ಧ ಖಾಲಿ ಇಟ್ಕೊಂಡು ಇನ್ನೊಂದು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದರು. ಓಡುತ್ತಿದೆಯಲ್ಲ ಎಂದು ಫ್ಯೋನೂ ಸುಮ್ಮನಾದ. ಅದೊಂದು ತಪ್ಪು ತನ್ನದು ಎಂದು ಅವನು ಈಗಲೂ ಹೇಳುತ್ತಾನೆ.

ಮೂರು ವಾರ ಕಳೆಯಿತು. ಗುರುವಾರ ಬೆಳಿಗ್ಗೆ ಹತ್ತಕ್ಕೆ, ದಾಮಿ ಶಿಶುವಿಹಾರದಲ್ಲಿದ್ದಾಗ, ಒಂದು ಬಸ್ಸು ಬಂದು ನಿಂತಿತು. ಕಪ್ಪು ಟೋಪಿಯ ನಲವತ್ತು ಜನ ಇಳಿದರು.

ದೀಪದಂಗಡಿ ಮೊದಲು ಹೋಯಿತು. ಗುಕ್ ಅಡ್ಡ ಬಂದರು. ಕಬ್ಬಿಣದ ಪೈಪು ಅವರ ಬಾಯಿಗೆ ಬಿತ್ತು, ಒಡೆದ ಗಾಜಿನ ಮೇಲೆ ಹಲ್ಲು ಉದುರಿದವು. ಆಮೇಲೆ ಶಾವಿಗೆ ಅಂಗಡಿ. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಮೂಯೊಲ್‌ನ ಕಾಲ ಮೇಲೆ ಕುದಿಯುವ ಸಾರಿನ ಹಂಡೆಯನ್ನು ಒದ್ದು ಕೆಡವಿದರು. ಅವನು ಕೂಗುತ್ತ ಬಗ್ಗಿದ. ಅದೇ ಕ್ಷಣ ಒಬ್ಬ ಬೆಂಕಿ ಆರಿಸುವ ಸಿಲಿಂಡರನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಗೆ ಬೀಸಿದ. ತಲೆ ಅಲ್ಲಿರಲಿಲ್ಲ. ಸಿಲಿಂಡರು ಹೋಗಿ ಹಿಂದಿದ್ದ ತಮ್ಮ ಗುಂಪಿನವನದೇ ಹಣೆಗೆ ಬಡಿಯಿತು. ಆತ ಸದ್ದಿಲ್ಲದೆ ಸಾರಿನಲ್ಲಿ ಕುಸಿದ. ಶಾವಿಗೆಯ ಎಳೆಗಳ ನಡುವೆ ರಕ್ತ ಹರಡಿತು.

ಗುಂಪಿನ ನಾಯಕ ತಾಕ್ ಒಂದು ಗಳಿಗೆಯೂ ತಡಮಾಡಲಿಲ್ಲ. "ಶಾವಿಗೆಯೋನು ಹೊಡೆದ! ನೋಡಿದ್ರಾ ಸಾರ್? ಕೊಂದೇಬಿಟ್ಟ!" ಎಂದು ಹೊರಗಿನ ಪೊಲೀಸರನ್ನು ಕೂಗಿ ಕರೆದ. ಅದುವರೆಗೆ ಬೇಲಿಯಂತೆ ನಿಂತಿದ್ದ ಪೊಲೀಸರಿಗೆ ಆಗ ಕಾಲು ಬಂತು. ಬೆಂದ ಕಾಲಿನ ಮೂಯೊಲ್‌ನನ್ನು ಎಳೆದುಕೊಂಡು ಹೋದರು.

ಹೇರಾನ್ ಅವರ ಹಿಂದೆ ಓಡಲಿಲ್ಲ. ಕೂಗಿ ಪ್ರಯೋಜನವಿಲ್ಲ, ಪೊಲೀಸರು ಅಲ್ಲಗಳೆಯಲಾಗದ ಸಾಕ್ಷಿ ಎಫ್ ಕ್ಯಾಮೆರಾ ಒಂದೇ, ಎಂದು ಅವಳಿಗೆ ಆ ಹೊತ್ತಿನಲ್ಲೂ ಹೊಳೆಯಿತು. ಮೂರನೇ ಮಹಡಿಗೆ ಓಡಿದಳು.

ಫ್ಯೋ ಯಂತ್ರಕ್ಕೆ ಕಡುಬಿನ ಕಿವಿ ಆನಿಸಿ ಕೂತಿದ್ದ. ಒಳಗಿನಿಂದ ಟಕ್, ಟಕ್ ಎಂದು ಉಗುರಲ್ಲಿ ಬಡಿದಂಥ ಸದ್ದು.

"ಹಳೇ ಡಿಸ್ಕು ಹೋಗ್ತಿದೆ. ಎಫ್ ಕ್ಯಾಮೆರಾದು ಅದರಲ್ಲೇ ಬಿದ್ದಿದೆ."

"ಕಿತ್ಕೊಂಡು ಓಡೋಣ ಅಣ್ಣಾ!"

"ನಿಲ್ಲಿಸಿದ್ರೆ ಮತ್ತೆ ಏಳಲ್ಲ ಇದು. ಉಸಿರಿರೋವಾಗಲೇ ಎಳ್ಕೋಬೇಕು. ಶುರು ಮಾಡಿದ್ದೀನಿ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ."

ದೀಪಗಳು ಆರಿದವು. ಕೆಳಗೆ ಯಾರೋ ಕರೆಂಟು ಕಡಿದಿದ್ದರು. ಬ್ಯಾಟರಿ ಪೆಟ್ಟಿಗೆ ಒಮ್ಮೆ ಕೂಗಿ ಯಂತ್ರವನ್ನೂ ಕ್ಯಾಮೆರಾಗಳನ್ನೂ ಹೊತ್ತುಕೊಂಡಿತು. ಪರದೆಯಲ್ಲಿ ಒಂದು ಅಂಕಿ ಮಾತ್ರ ಮೆಲ್ಲಗೆ ಏರುತ್ತಿತ್ತು. ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಫ್ಯೋ ಕಾಗದದ ಮೇಲೆ ಎರಡು ಸಾಲು ಗೀಚಿಕೊಟ್ಟ. "ನೂರಾದ್ಮೇಲೆ ಇದನ್ನ ಒತ್ತು. ಆಫ್ ಮಾಡಿ ಕೆಳಗಿನ ಡಿಸ್ಕು ಕೀಳು. ಅಲ್ಲಿವರೆಗೆ ಐದೈದಕ್ಕೆ ನಂಗೆ ಕೂಗಿ ಹೇಳು." ಹೊರಗೆ ಹೋಗಿ ಷಟರ್ ಎಳೆದ. ತಗಡು ಒಳಕ್ಕೆ ಉಬ್ಬಿತು. ಆತ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ.

"ಐದು!" ಎಂದಳು ಹೇರಾನ್.

"ಅಯ್ಯಯ್ಯೋ, ಇದು ನಮ್ಮ ಮನ್‌ಹೋ ಅಣ್ಣ ಅಲ್ವಾ!" ತಾಕ್‌ನ ದನಿ. "ಹುಡುಗ್ರಾ, ಅಡ್ಡಬೀಳ್ರೋ. ಅವತ್ತು ಗುಡ್ಡದ ಕೇರಿಗೆ ಹೋಗೋ ಬಸ್ಸಲ್ಲಿ ನನ್ನ ಪಕ್ಕ ಕೂತು, ನಂದೂ ಸೇರಿಸಿ ಎರಡು ಡಬ್ಬಿ ಊಟ ಹೊಡೆದೋನು. ಅಣ್ಣಾ, ಏಳು. ಒಳಗೆ ಏನೋ ಕ್ಯಾಮೆರಾ ಡಬ್ಬ ಇದೆಯಂತೆ."

"ಹೆಣ್ಣುಮಗಳಿದ್ದಾಳೆ."

"ಹಂಗಾದ್ರೆ ಟೀ ಕೊಡ್ತಾಳೆ ಬಿಡು."

"ನಿನ್ನ ಹಿಂದೆ ನಿಂತಿರೋ ಮಕ್ಕಳ ಹೆಸರು ಪಟ್ಟಿಲಿದೆಯೇನೋ ತಾಕ್?"

ಉತ್ತರಕ್ಕೆ ಬದಲು ಮೊದಲ ಒದೆ ಬಿತ್ತು. ತಗಡು ಗುಡುಗಿತು.

"ಹದಿನೈದು!"

ಹೊಡೆತಗಳಿಗೂ ಒಂದೊಂದು ದನಿಯಿರುತ್ತದೆಂದು ಅವಳು ಅಲ್ಲಿ ಕಲಿತಳು. ಬೂಟು ಹೊಟ್ಟೆಗೆ ಬಿದ್ದರೆ ಒದ್ದೆ ಚಾಪೆ ಕೊಡವಿದಂತೆ, ಪೈಪು ಭುಜಕ್ಕೆ ಬಿದ್ದರೆ ಒಣ ಸೌದೆ ಸೀಳಿದಂತೆ. ಮಧ್ಯೆ ಫ್ಯೋನ ಉಸಿರು, ಪ್ರತಿ ಸಲ ಸ್ವಲ್ಪ ಚಿಕ್ಕದಾಗಿ. ಅವನು ತಿರುಗಿ ಹೊಡೆಯುತ್ತಿರಲಿಲ್ಲ. ಕೂತಿದ್ದ, ಅಷ್ಟೆ. ಮೂವತ್ತಕ್ಕೆ ಏನೋ ಮುರಿಯಿತು; ಆತ ಕೆಮ್ಮಿದ. ನಲವತ್ತೈದಕ್ಕೆ ಷಟರಿನ ಕೆಳಗಿನಿಂದ ರಕ್ತದ ಸಣ್ಣ ಎಳೆ ಒಳಗೆ ಬಂದು, ನೆಲದ ಇಳಿಜಾರು ಹುಡುಕಿಕೊಂಡು ಅವಳ ಚಪ್ಪಲಿಯ ಕಡೆ ಹರಿಯಿತು. ಅವಳು ಕಾಲು ತೆಗೆಯಲಿಲ್ಲ. ಅಂಕಿ ಅರವತ್ತಕ್ಕೆ ಬಂದು ನಿಂತೇಬಿಟ್ಟಿತು. ಟಕ್, ಟಕ್, ಟಕ್.

"ದಾಮಿಯಮ್ಮಾ... ಎಷ್ಟು?"

ನಿಂತಿದೆ ಎಂದು ಹೇಳಲು ಬಾಯಿ ಬರಲಿಲ್ಲ. "ಅರವತ್ತು!" ಎಂದಳು. ಒಂದೇ ನಿಮಿಷ ಬಿಟ್ಟು, ಅಂಕಿ ಇನ್ನೂ ಅಲುಗದಿದ್ದರೂ, "ಅರವತ್ತೈದು!" ಎಂದು ಸುಳ್ಳು ಕೂಗಿದಳು. ಅಷ್ಟರಲ್ಲಿ ಡಿಸ್ಕು ಒಮ್ಮೆ ಕಿರುಗುಟ್ಟಿ ಮತ್ತೆ ಸುತ್ತತೊಡಗಿತು.

ಎಪ್ಪತ್ತರ ಹತ್ತಿರ ಷಟರಿನ ಮೂಲೆಯಿಂದ ಒಂದು ಹಾರೆ ಒಳಗೆ ನುಗ್ಗಿತು. ತಗಡು ಮಡಚಿಕೊಂಡು, ಆ ಸಂದಿನಲ್ಲಿ ಒಂದು ಎಳೆಯ ಮುಖ ಕಾಣಿಸಿತು. ಮೊಡವೆಯ ಕೆನ್ನೆ, ಆಗಷ್ಟೇ ಬಾತುಕೊಳ್ಳುತ್ತಿದ್ದ ಕಿವಿ. ಅವನ ಕೈ ಯಂತ್ರದ ತಂತಿಯ ಕಡೆ ಚಾಚಿತು. ಹೇರಾನ್ ಆ ಕೈಯನ್ನು ಕಚ್ಚಿದಳು, ನಾಲಿಗೆಗೆ ಉಪ್ಪು ತಗಲುವವರೆಗೆ.

ಆಗ ಫ್ಯೋ ಎದ್ದ. ಕೊರಳಪಟ್ಟಿ ಹಿಡಿದು ಹುಡುಗನನ್ನು ಹೊರಗೆಳೆದದ್ದು, ಮೈ ನೆಲಕ್ಕೆ ಅಪ್ಪಳಿಸಿದ್ದು, ಎಲ್ಲವೂ ಒಂದೇ ಉಸಿರಿನಲ್ಲಿ ಆಯಿತು. ಸಂದಿನಲ್ಲಿ ಅವಳಿಗೆ ಕಂಡದ್ದು ಇಷ್ಟು: ಹುಡುಗನ ಬಲಗೈ ಫ್ಯೋನ ತೊಡೆಗಳ ನಡುವೆ ನೆಟ್ಟಗೆ, ಮೊಣಕೈ ಮೇಲ್ಮುಖವಾಗಿ ಸಿಕ್ಕಿಕೊಂಡಿತ್ತು. ಹುಡುಗ ಎಡಗೈಯಲ್ಲಿ ನೆಲವನ್ನು ಎರಡು ಸಲ ತಟ್ಟಿದ. ಚಾಪೆಯ ಮೇಲೆ ಸೋಲೊಪ್ಪುವ ಹಾಗೆ. ಹಾಗೆ ತಟ್ಟಿದರೆ ಬಿಡಬೇಕು. ಅವರಿಬ್ಬರಿಗೂ ಮೊದಲ ದಿನದಿಂದ ಕಲಿಸಿದ್ದು ಅದು. ಫ್ಯೋ ಬಿಡಲಿಲ್ಲ.

ಸಾರಿನ ಹಂಡೆಗೆ ಹತ್ತು ವರ್ಷ ಕೋಳಿ ಕಡಿದವಳಿಗೆ ಆ ಸದ್ದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. "ಅಮ್ಮಾ!" ಎಂದ ಹುಡುಗ. 

ಆಮೇಲೆ ಎಲ್ಲರೂ ಫ್ಯೋನ ಮೇಲೆ ಬಿದ್ದರು. ಆತ ಮತ್ತೆ ಷಟರಿಗೆ ಬೆನ್ನು ತಂದು ಆನಿಸಿದ. ಎಂಬತ್ತು. ಎಂಬತ್ತೈದು. ಕೆನ್ನೆ ಸೀಳಿತು. ಹಳೆಯ ಮಂಡಿಯನ್ನೇ ಹುಡುಕಿ ಹೊಡೆದರು. ಅದನ್ನು ತೋರಿಸಿಕೊಟ್ಟವನು ತಾಕ್. ತೊಂಬತ್ತು. ಈಗ ಫ್ಯೋನಿಂದ ಉಸಿರೂ ಕೇಳಿಸಲಿಲ್ಲ. ಆದರೂ ತಗಡಿನ ಉಬ್ಬು ಇಳಿಯಲಿಲ್ಲ. ತೊಂಬತ್ತೈದಕ್ಕೆ ಕೆಳಗಿನಿಂದ ಗುಕ್, ರಕ್ತ ಸುರಿಯುವ ಬಾಯಲ್ಲೇ ಬೊಬ್ಬೆ ಹೊಡೆಯುತ್ತ, ಇಪ್ಪತ್ತು ಜನ ಅಂಗಡಿಯವರ ಜೊತೆ ನೀರಿನ ಕೊಳವೆ ಎಳೆದು ತಂದರು. ನೀರಿನ ಹೊಡೆತಕ್ಕೆ ಓಣಿಯಲ್ಲಿದ್ದವರು ಚೆದುರಿದರು.

"ನೂರು! ಅಣ್ಣಾ, ನೂರು!"

ಎರಡು ಸಾಲು ಒತ್ತಿ, ಯಂತ್ರ ಆರಿಸಿ, ಡಿಸ್ಕನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಷಟರ್ ಎತ್ತಿದಳು. ಫ್ಯೋ ಮಗುಚಿ ಅವಳ ಪಾದದ ಮೇಲೆ ಬಿದ್ದ. ಬಾಯಿಂದ ಎರಡು ಹಲ್ಲು ಉಗಿದು, "ಅರವತ್ತೈದು ಸುಳ್ಳು ಅಲ್ವಾ?" ಎಂದ. "ಲೆಕ್ಕಕ್ಕಿಂತ ಬೇಗ ಬಂತು."

ಅದಾಗಿ ಒಂಬತ್ತು ದಿನ.

ಆಸ್ಪತ್ರೆಯ ಹಾಸಿಗೆಯಲ್ಲಿ ಫ್ಯೋನ ಮೂರು ಪಕ್ಕೆಲುಬು, ಭುಜ, ಮಂಡಿ, ಎಲ್ಲಕ್ಕೂ ಪಟ್ಟಿ. ಹೊಡೆಸಿಕೊಳ್ಳದೆ ಉಳಿದದ್ದು ಕಡುಬಿನ ಕಿವಿಯೊಂದೇ. ದಾಮಿ ಬೆರಳು ಚಾಚಿ ಅದನ್ನು ಮೆಲ್ಲಗೆ ಒತ್ತಿದಳು.

"ನೋವಾಗುತ್ತಾ ಮಾಮ?"

"ಇದೊಂದು ಆಗಲ್ಲ ಪುಟ್ಟಿ."

ಸಂಘದ ವಕೀಲೆ ಓಕ್ ಬಂದು ಹೋಗಿ ಅರ್ಧ ಗಂಟೆಯಾಗಿತ್ತು. ಎಫ್ ಕ್ಯಾಮೆರಾದ ಹನ್ನೊಂದು ನಿಮಿಷ ಸಾಕು, ಸೋಮವಾರ ದಾಮಿಯ ಅಪ್ಪ ಹೊರಗೆ ಬರುತ್ತಾನೆ ಎಂದಿದ್ದಳು. ಏಳನೇ ಕ್ಯಾಮೆರಾದ, ಮೂರನೇ ಮಹಡಿಯ ಓಣಿಯ ಚಿತ್ರದ ಸುದ್ದಿಯನ್ನೇ ಎತ್ತಬೇಡಿ, ಎಂದೂ ಹೇಳಿದ್ದಳು. "ಆ ಹುಡುಗ ನೆಲ ತಟ್ಟಿದ್ದು ಅದರಲ್ಲಿ ಕಾಣುತ್ತೆ. ಆಮೇಲೆ ಮುರಿದಿದ್ದೂ ಕಾಣುತ್ತೆ. ಫ್ಯೋ ಅವರನ್ನ ಒಳಗೆ ಹಾಕ್ತಾರೆ."

ಗಂಜಿ ತಿನ್ನಿಸುತ್ತಿದ್ದ ಹೇರಾನ್‌ಗೆ ಫ್ಯೋ ಸಾಕು ಎಂದು ಸನ್ನೆ ಮಾಡಿದ.

"ಆ ಹುಡುಗ ಎರಡು ಮಹಡಿ ಕೆಳಗಿದ್ದಾನೆ. ನರ್ಸಮ್ಮ ಹೇಳಿದ್ರು. ಸುಂಗ್ಯು ಅಂತ ಹೆಸರು. ಕಾಲೇಜಲ್ಲಿ ಜೂಡೊ ಆಡ್ತಿದ್ನಂತೆ. ಅವರಮ್ಮ ಊರಿಂದ ಬಂದು ಚೀಲ ತಬ್ಕೊಂಡು ಓಣಿಲಿ ಕೂತಿದ್ದಾರಂತೆ. ತಾಕ್‌ನ ಕಂಪನಿಯೋರು ಏನಂದ್ರು ಗೊತ್ತಾ? ಆ ಹೆಸರಿನೋನು ನಮ್ಮ ಪಟ್ಟಿಲಿಲ್ಲ. ಅವತ್ತು ಅವನು ಅಲ್ಲಿರಲೇ ಇಲ್ಲ."

ಹೇರಾನ್ ಚಮಚ ಕೆಳಗಿಟ್ಟಳು. ಅವಳ ಹಲ್ಲಿಗೆ ಆ ಕೈಯ ನೆನಪು ಇನ್ನೂ ಇತ್ತು.

"ಅವನು ಅಲ್ಲಿದ್ದ ಅಂತ ಹೇಳೋದು ಏಳನೇ ಕ್ಯಾಮೆರಾ ಒಂದೇ," ಎಂದ ಫ್ಯೋ. "ದಾಮಿಯಮ್ಮಾ, ಒಂದು ಉಪಕಾರ ಮಾಡ್ತೀಯಾ?"

"ಬೇಡಣ್ಣಾ. ಅದನ್ನ ಕೇಳ್ಬೇಡ."

"ಸೋಮವಾರ ದಾಮಿಯಪ್ಪ ಹೊರಗೆ ಬರಲಿ, ಮನೆಗೆ ಕರ್ಕೊಂಡು ಹೋಗು, ಊಟ ಹಾಕು. ಮಂಗಳವಾರ ಏಳನೇದನ್ನೂ ಕೊಟ್ಟುಬಿಡು. ಬಸ್ಸು ಬಂದಾಗಿಂದ ನೀರು ಬಿಡೋವರೆಗೂ. ನಾನು ಮಾಡಿದ್ದೂ ಇರಲಿ. ಎಲ್ಲೂ ಕತ್ತರಿಸ್ಬೇಡ."